ಪತಂಗಕ್ಕೆ ನಾವು ಋಣಿಗಳೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬೂನಾರ್ಗಾ ಎಂಬ ಊರಿದೆ. ಅಲ್ಲಿ 1936ರಲ್ಲಿ ಕಟ್ಟಿದ ಸಮುದಾಯ ಭವನಕ್ಕೆ ಯೋಧನ ಹೆಸರಿಲ್ಲ, ದಾನಿಯ ಹೆಸರೂ ಇಲ್ಲ. ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಹೆಸರಿದೆ. ಇದನ್ನು ಓದಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಳಿತು ಮಾಡುವ ಉದ್ದೇಶವೇ ಇಲ್ಲದೆ ಒಳಿತು ಮಾಡಿದ ಜೀವಿಗೆ ನಾವು ಋಣಿಗಳೆ?

ಆ ಪತಂಗ ನೋಡಲು ತೀರಾ ಸಾಧಾರಣ. ಬೂದು ಬೆರೆತ ಕಂದು ಬಣ್ಣ; ರೆಕ್ಕೆ ಬಿಚ್ಚಿದರೆ ಮೂರು ಸೆಂಟಿಮೀಟರ್ ಆಸುಪಾಸು. ಅರ್ಜೆಂಟೀನಾ ಮತ್ತು ಅದರ ನೆರೆಯ ನಾಡುಗಳು ಅದರ ತವರು. ಹೆಣ್ಣು ಪಾಪಾಸುಕಳ್ಳಿಯ ಮೇಲೆ ಮೊಟ್ಟೆಗಳನ್ನು ಒಂದಕ್ಕೊಂದು ಅಂಟಿಸಿ ಕಡ್ಡಿಯ ಹಾಗೆ ಪೋಣಿಸಿಡುತ್ತದೆ. ನೋಡಿದವರಿಗೆ ಅದು ಕಳ್ಳಿಯದೇ ಮುಳ್ಳು. ಹೊರಬಂದ ಮರಿಹುಳುಗಳು ಗುಂಪಾಗಿ ಕಾಂಡವನ್ನು ಕೊರೆದು, ಒಳಗೇ ಇದ್ದು ತಿರುಳು ತಿನ್ನುತ್ತವೆ. ಬಲಿತಾಗ ಕಿತ್ತಳೆ ಮೈ, ಮೇಲೆ ಕಪ್ಪು ಪಟ್ಟೆ. ಆಮೇಲೆ ಕೆಳಗಿಳಿದು, ಕಸಕಡ್ಡಿಯ ನಡುವೆ ಬಿಳಿ ಗೂಡು ನೇಯ್ದು ಕೋಶವಾಗುತ್ತವೆ. ರೆಕ್ಕೆ ಬಂದ ಪತಂಗ ಏನನ್ನೂ ತಿನ್ನುವುದಿಲ್ಲ. ಕೆಲವೇ ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ.

ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯಂತೆ ಆಸ್ಟ್ರೇಲಿಯಾದ್ದೂ ಅಮೆರಿಕ ಖಂಡದಿಂದ ಬಂದದ್ದು. ಮನುಷ್ಯರು ತಂದು ನೆಟ್ಟ ಅದು 1920ರ ದಶಕದ ಹೊತ್ತಿಗೆ ಸುಮಾರು 6 ಕೋಟಿ ಎಕರೆಗೆ ಹಬ್ಬಿತ್ತು. ಎಷ್ಟೋ ರೈತರು ಜಮೀನು ಬಿಟ್ಟು ಹೊರಟುಹೋದರು. 1925ರಲ್ಲಿ ಅರ್ಜೆಂಟೀನಾದಿಂದ ಈ ಪತಂಗದ ಮೊಟ್ಟೆಗಳನ್ನು ತರಿಸಿ, ಹುಳು ಬೇರೆ ಬೆಳೆ ತಿನ್ನುವುದಿಲ್ಲವೆಂದು ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಟ್ಟರು. ಏಳೆಂಟು ವರ್ಷಗಳಲ್ಲಿ ಕಳ್ಳಿಯ ಬಹುಪಾಲು ಕೊಳೆತು ನೆಲಕ್ಕೆ ಬಿತ್ತು.

1957ರಲ್ಲಿ ಅದೇ ಪತಂಗವನ್ನು ಕೆರಿಬಿಯನ್‌ನ ನೆವಿಸ್ ದ್ವೀಪಕ್ಕೆ ಒಯ್ದರು. ಅಲ್ಲಿಯೂ ಕೆಲಸ ನಡೆಯಿತು. ಆದರೆ ಆಸ್ಟ್ರೇಲಿಯಾದಲ್ಲಿ ಸ್ಥಳೀಯ ಕಳ್ಳಿಯೇ ಇರಲಿಲ್ಲ. ಕೆರಿಬಿಯನ್ ಮತ್ತು ಅದರ ಸುತ್ತಲಿನ ನಾಡುಗಳು ಕಳ್ಳಿಗಳ ತವರು. 1989ರಲ್ಲಿ ಪತಂಗ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಅಪರೂಪದ ಕಳ್ಳಿಗಳೂ ಅದಕ್ಕೆ ಮೇವಾದವು. 2006ರಲ್ಲಿ ಮೆಕ್ಸಿಕೋದ ಒಂದು ದ್ವೀಪವನ್ನೂ ಮುಟ್ಟಿತು. ಕಳ್ಳಿಯನ್ನು ಊಟದ ತಟ್ಟೆಯಲ್ಲೂ ಧ್ವಜದಲ್ಲೂ ಇಟ್ಟುಕೊಂಡ ದೇಶ ಅದು. ಪಟ್ಟುಹಿಡಿದು ಪತಂಗವನ್ನು ನಿರ್ಮೂಲ ಮಾಡಿತು.

ಒಂದು ಕಡೆ ಸ್ಮಾರಕ, ಇನ್ನೊಂದು ಕಡೆ ಬೇಟೆ. ಪತಂಗ ಮಾತ್ರ ಎರಡೂ ಕಡೆ ಮಾಡಿದ್ದು ಒಂದೇ ಕೆಲಸ. ಹಾಗಾದರೆ ಒಳಿತು ಕೆಡುಕುಗಳೆಲ್ಲ ಬರೀ ನೋಡುವವರ ಕಣ್ಣಲ್ಲಿವೆಯೆ? ನಾನು ಒಪ್ಪಲಾರೆ. ರೈತನಿಗೆ ಮರಳಿ ಸಿಕ್ಕ ನೆಲ ನಿಜ, ಫ್ಲಾರಿಡಾದಲ್ಲಿ ಸಾಯುತ್ತಿರುವ ಗಿಡವೂ ನಿಜ. ನಿಜವಲ್ಲದ್ದು ಪತಂಗಕ್ಕೆ ನಾವು ಹೊರಿಸುವ ಪುಣ್ಯ ಮತ್ತು ಪಾಪ. ಉದ್ದೇಶವಿಲ್ಲದ್ದಕ್ಕೆ ಕೃತಜ್ಞತೆ ಸಲ್ಲದು ಎಂದರೆ ದ್ವೇಷವೂ ಸಲ್ಲದು. ನಾವು ಮಾತ್ರ ಕೃತಜ್ಞತೆಯನ್ನು ಬೇಗ ಮರೆತು ದ್ವೇಷವನ್ನು ಜೋಪಾನ ಮಾಡುತ್ತೇವೆ. ಹುಳುವನ್ನು ‘ಪೀಡೆ’ ಎಂದು ಕರೆದುಬಿಟ್ಟರೆ ಅದನ್ನು ಹಡಗಿಗೆ ಹತ್ತಿಸಿದ ಕೈ ಕಣ್ಣಿಗೆ ಬೀಳುವುದಿಲ್ಲವಲ್ಲ!

ಆ ಕೈ ದುಷ್ಟ ಕೈಯೇನಲ್ಲ. ಕಷ್ಟದಲ್ಲಿದ್ದವರಿಗೆ ನೆರವಾಗಲು ಹೊರಟದ್ದು. ಆದರೆ ಸದುದ್ದೇಶ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಒಂದು ಜೀವಿಯನ್ನು ಬಿಡುವ ಮುನ್ನ ‘ಇದು ಏನನ್ನು ತಿನ್ನುತ್ತದೆ?’ ಎಂದು ಕೇಳಿದರೆ ಸಾಲದು. ‘ಇಲ್ಲಿಂದ ಮುಂದೆ ಯಾರ ನೆಲವಿದೆ?’ ಎಂದೂ ಕೇಳಬೇಕು. ಪತಂಗ ಆ ಪ್ರಶ್ನೆ ಕೇಳಲಾರದು. ಕೇಳಬಲ್ಲವರು ನಾವು, ಆದ್ದರಿಂದ ಉತ್ತರ ಕೊಡಬೇಕಾದವರೂ ನಾವೇ.