‘ನಡೆಯುತ್ತೆ, ತಗೊಳ್ಳಿ’

ಕನ್ನಡದಲ್ಲಿ ‘ನಡೆ’ ಎಂಬುದು ಬಲು ದುಡಿಯುವ ಧಾತು. ಕಾಲಿನಿಂದ ಹೋಗುವುದೂ ನಡೆಯೇ, ಮನುಷ್ಯನ ಶೀಲವೂ ನಡೆಯೇ. ‘ನಡೆನುಡಿ’ ಎಂದು ಹಿರಿಯರು ಎರಡನ್ನೂ ಒಂದೇ ನೊಗಕ್ಕೆ ಹೂಡಿದ್ದಾರೆ. ಆದರೆ ಅಂಗಡಿಯ ಗಲ್ಲೆಯ ಮುಂದೆ ಇದೇ ಧಾತುವಿನಿಂದ ಇನ್ನೊಂದು ಮಾತು ಹುಟ್ಟುತ್ತದೆ: ‘‘ನಡೆಯುತ್ತೆ ಸಾರ್, ತಗೊಳ್ಳಿ.’’ ಈ ಮಾತನ್ನು ಆಡಿದವನ ಹೊಣೆ ಎಷ್ಟು, ನಂಬಿದವನ ಹೊಣೆ ಎಷ್ಟು ಎಂಬ ವಿಚಾರ ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿದೆ. ಅದಕ್ಕೆ ಕಾರಣ ನನ್ನ ಮೋಟಾರು ಸೈಕಲ್ಲು.

ನನ್ನದು 350 ಸಿ.ಸಿ.ಯ ಹಳೆಯ ಬುಲೆಟ್ಟು. ಅದರ ಎಡಕ್ಕೊಂದು ಸೈಡ್‌ಕಾರು. ಮಂಡಿನೋವಿನ ನಮ್ಮ ತಾಯಿಯವರಿಗೆ ಹಿಂದಿನ ಸೀಟು ಹತ್ತಲಾಗದು. ಸೈಡ್‌ಕಾರಿನಲ್ಲಾದರೆ ಪಲ್ಲಕ್ಕಿಯಲ್ಲಿ ಕುಳಿತಂತೆ ಕೂರುತ್ತಾರೆ. ನೋಡುವವರಿಗೆ ತಮಾಷೆಯಾಗಿ ಕಾಣುವ ಈ ಗಾಡಿ ಓಡಿಸುವವನಿಗೆ ತಮಾಷೆಯಲ್ಲ. ವೇಗ ಹೆಚ್ಚಿಸಿದರೆ ಎಡಕ್ಕೆಳೆಯುತ್ತದೆ. ಬ್ರೇಕು ಹಾಕಿದರೆ ಸೈಡ್‌ಕಾರು ತನ್ನ ಓಟದಲ್ಲೇ ಮುಂದಕ್ಕೆ ನುಗ್ಗಿ ಗಾಡಿಯ ಮೋರೆಯನ್ನು ಬಲಕ್ಕೆ ತಿರುಗಿಸುತ್ತದೆ. ಎಡತಿರುವಿನಲ್ಲಿ ಅವಸರಪಟ್ಟರೆ ಅದರ ಚಕ್ರ ನೆಲ ಬಿಟ್ಟೇಳುತ್ತದೆ. ಇದನ್ನೆಲ್ಲ ಹದಕ್ಕೆ ತರುವುದೆಂದು ಕೆಲವು ಸುಧಾರಣೆಗಳನ್ನು ಕೈಗೊಂಡೆ: ಸೈಡ್‌ಕಾರಿನ ಚಕ್ರಕ್ಕೊಂದು ಬ್ರೇಕು ಮತ್ತು ಹೊಸ ಬೇರಿಂಗು, ಏರು ಹತ್ತಲು ಸುಲಭವಾಗುವಂತೆ ಎಂಜಿನ್ನಿನ ಕಡೆಗೆ ಒಂದೆರಡು ಹಲ್ಲು ಕಡಮೆಯಿರುವ ಸ್ಪ್ರಾಕೆಟ್ಟು, ಕೊನೆಗೆ, ಎರಡನ್ನೂ ಬೆಸೆದಿಡುವ ನಾಲ್ಕು ಕಡೆಯ ಬೋಲ್ಟುಗಳು.

ಈ ಲೇಖನದ ನಾಯಕ ಬೋಲ್ಟೇ. ಗಟ್ಟಿ ಜಾತಿಯ ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚೊತ್ತಿರುತ್ತದೆ. ಮೊದಲ ಅಂಕಿಯ ಅರ್ಥ, ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದರೆ ಸುಮಾರು 80 ಕಿಲೋ ಭಾರದ ಎಳೆತವನ್ನು ಅದು ತಡೆಯಬೇಕು. ಎರಡನೆಯದರ ಅರ್ಥ, ಅದರಲ್ಲಿ ನೂರಕ್ಕೆ 80 ಪಾಲಿನವರೆಗೆ ಹಿಗ್ಗಿದರೂ ಮತ್ತೆ ಮೊದಲಿನಂತಾಗಬೇಕು. 4.6 ಎಂದಿರುವ ಸಾಧಾರಣ ಬೋಲ್ಟಿನ ತಾಳಿಕೆ ಇದರ ಅರ್ಧ. ಮನುಷ್ಯನ ಹಣೆಬರಹವನ್ನು ಯಾರೂ ಓದಲಾರರು. ಬೋಲ್ಟಿನದನ್ನು ಯಾರು ಬೇಕಾದರೂ ಓದಬಹುದು. ಏನೂ ಬರೆಯದ ತಲೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಬಿಡಿಭಾಗದ ಅಂಗಡಿಗಳಿಗೆ ಬರವಿಲ್ಲ. ಮೊದಲ ಅಂಗಡಿಯ ಹುಡುಗ ಅಳತೆ ನೋಡಿ ನಾಲ್ಕು ಬೋಲ್ಟುಗಳನ್ನು ಕಾಗದದಲ್ಲಿ ಸುತ್ತಿಯೇಬಿಟ್ಟ. ‘‘ಇವುಗಳ ತಲೆಯ ಮೇಲೆ ಏನೂ ಇಲ್ಲವಲ್ಲಪ್ಪ?’’ ಎಂದೆ. ‘‘ಅದನ್ನೆಲ್ಲ ಯಾರು ನೋಡ್ತಾರೆ ಸಾರ್? ನಡೆಯುತ್ತೆ, ತಗೊಳ್ಳಿ.’’

ಇನ್ನೊಂದು ಅಂಗಡಿಯಲ್ಲಿ ವಯಸ್ಸಾದವರೊಬ್ಬರಿದ್ದರು. ಡಬ್ಬಿ ತೆಗೆಯುತ್ತಲೇ ಕೇಳಿದರು: ‘‘ಯಾತಕ್ಕೆ ಬೇಕಿತ್ತು, ಸ್ವಾಮಿ?’’

‘‘ಸೈಡ್‌ಕಾರಿಗೆ.’’

‘‘ಅದರಲ್ಲಿ ಯಾರು ಕೂರ್ತಾರೆ?’’

‘‘ನಮ್ಮ ತಾಯಿ.’’

ಅವರು ಡಬ್ಬಿಯನ್ನು ಮತ್ತೆ ಹಲಗೆಯ ಮೇಲಿಟ್ಟರು. ‘‘ಇದು ಬೇಡಿ. ಸರಿಯಾದ್ದು ತರಿಸ್ತೀನಿ. ಎಂಟು ದಿನ ತಡ್ಕೊಳ್ಳಿ.’’

ಮೊದಲನೆಯವನು ಸುಳ್ಳು ಹೇಳಿದನೆ? ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಅದೇ ಬೋಲ್ಟು ನಂಬರು ಫಲಕಕ್ಕೋ ಸಾಮಾನಿನ ಕಟ್ಟಿಗೋ ಚೆನ್ನಾಗಿಯೇ ನಡೆಯುತ್ತದೆ. ಅವನ ಮಾತು ಸುಳ್ಳಲ್ಲ, ಅರ್ಧ. ‘ಯಾತಕ್ಕೆ’ ಎಂದು ಕೇಳದೆಯೇ ‘ನಡೆಯುತ್ತೆ’ ಎಂದದ್ದು ಅವನ ದೋಷ. ಪ್ರಶ್ನೆಯಿಲ್ಲದ ಉತ್ತರಕ್ಕೆ ಅರ್ಥವಿಲ್ಲ. ಆದರೆ ಕೇಳುವ ಕಿವಿಗೆ ಅದೇ ಭರವಸೆಯಾಗಿ ಕೇಳಿಸುತ್ತದೆ.

ಕಾನೂನಿಗೂ ಈ ಸೂಕ್ಷ್ಮ ತಿಳಿದಿದೆ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಸೆಕ್ಷನ್ನನ್ನು ನೋಡಿ. ಕೊಳ್ಳುವವನು ಯಾವ ಕೆಲಸಕ್ಕೆಂದು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ, ಅವನ ವ್ಯಾಪಾರದ ಸರಕನ್ನೇ ಕೊಂಡರೆ, ಅದು ಆ ಕೆಲಸಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಇರುತ್ತದೆ. ಇಂಥ ಹೆಸರಿನದೇ ಬೇಕೆಂದು ಗುರುತು ಹೇಳಿ ಕೊಂಡರೆ ಆ ಷರತ್ತಿಲ್ಲ. ಉದ್ದೇಶವನ್ನು ತಿಳಿಸಿದ ಕ್ಷಣದಿಂದ ಅಂಗಡಿಯವನು ಕೆಲಸದಲ್ಲಿ ಪಾಲುದಾರನಾಗುತ್ತಾನೆ. ಹಾಗಾದರೆ ‘ಯಾತಕ್ಕೆ’ ಎಂದು ಕೇಳುವವನು ಹೊಣೆಯನ್ನು ತಾನಾಗಿ ಮೈಮೇಲೆಳೆದುಕೊಳ್ಳುವವನು. ಕೇಳದಿರುವುದರಲ್ಲಿ ಲಾಭವಿದೆ, ಕೇಳುವುದರಲ್ಲಿ ಧರ್ಮವಿದೆ.

ಈ ಚಿಂತೆ ಹೊಸದೂ ಅಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮರ, ಲೋಹ, ಮಣಿ ಮೊದಲಾದವುಗಳಲ್ಲಿ ಕಳಪೆಯದನ್ನು ಉತ್ತಮವೆಂದು ಮಾರಿದವನಿಗೆ ಬೆಲೆಯ ಎಂಟರಷ್ಟು ದಂಡ ಹೇಳಿದೆ. ಆದರೆ ಇಂಥ ನಿಯಮಗಳ ಕಣ್ಣಿಗೆ ಮುಖ್ಯವಾಗಿ ಬೀಳುವವರು ಇಬ್ಬರೇ: ಕೊಟ್ಟವನು, ಕೊಂಡವನು. ಸೈಡ್‌ಕಾರಿನಲ್ಲಿ ಕೂರುವವರು ಮೂರನೆಯವರು. ಅವರು ಅಂಗಡಿಗೆ ಬರಲಿಲ್ಲ, ಚೌಕಾಸಿ ಮಾಡಲಿಲ್ಲ, ಬೋಲ್ಟಿನ ತಲೆಯನ್ನು ನೋಡಲಿಲ್ಲ. ಮುರಿದರೆ ಮೊದಲು ಬೀಳುವವರು ಮಾತ್ರ ಅವರೇ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಎಂಟು ದಿನ ಕಾಯುವುದು ತಿಂಗಳ ಸಂಬಳ ಬರುವವರಿಗೆ ಸಾಧ್ಯ. ಗಾಡಿಯ ಮೇಲೆ ತರಕಾರಿ ಮಾರಿ ಅಂದಂದಿನ ಅನ್ನ ಸಂಪಾದಿಸುವವನಿಗೆ ಎಂಟು ದಿನವೆಂದರೆ ಎಂಟು ಉಪವಾಸ. ಅವನ ಪಾಲಿಗೆ ‘ನಡೆಯುತ್ತೆ’ ಎಂಬುದು ಮೋಸದ ಮಾತಲ್ಲ, ಅಭಯವಚನ. ಬಡತನಕ್ಕೆ 8.8 ಬೋಲ್ಟಿನ ನೀತಿಯನ್ನು ಬೋಧಿಸುವುದು ಹೊಟ್ಟೆ ತುಂಬಿದವರ ಕ್ರೌರ್ಯವಲ್ಲವೆ?

ನಿಜ. ಆದರೂ ನನಗೆ ತೋರುವುದಿಷ್ಟು. ತನ್ನ ಮೂಟೆಯನ್ನು, ತನ್ನ ಮೈಯನ್ನು ಪಣಕ್ಕೊಡ್ಡುವ ಹಕ್ಕು ಬಡವನಿಗೂ ಉಂಟು, ಬಲ್ಲಿದನಿಗೂ ಉಂಟು. ತಿಳಿದು ಒಡ್ಡಿದರೆ ಮಾತ್ರ. ‘‘ಇದು ಹೂಕೋಸಿಗೆ ಆಗುತ್ತೆ, ಮಕ್ಕಳನ್ನು ಕೂರಿಸಬೇಡಪ್ಪ’’ ಎಂದು ಹೇಳಿ ಮಾರಿದ ಅಂಗಡಿಯವನನ್ನು ನಾನು ಖಂಡಿಸಲಾರೆ. ಅವನು ಗಿರಾಕಿಯ ಬಡತನವನ್ನೂ ಗೌರವಿಸಿದ, ಬುದ್ಧಿಯನ್ನೂ ಗೌರವಿಸಿದ. ಮೂರನೆಯವರ ಜೀವವನ್ನು ಇಬ್ಬರು ಸೇರಿ ಚೌಕಾಸಿಗಿಡುವುದಕ್ಕೆ ಮಾತ್ರ ಯಾವ ಅಗ್ಗವೂ ಸಮರ್ಥನೆಯಾಗದು. ‘ಕಡಮೆಯದು ಕೊಡಿ’ ಎಂದು ಹಟ ಹಿಡಿಯುವ ಗಿರಾಕಿಗೂ ಇದೇ ಮಾತು ಸಲ್ಲುತ್ತದೆ. ನಕಲಿ ಮಾಲು ತಾನಾಗಿ ಅಂಗಡಿಗೆ ನಡೆದು ಬರುವುದಿಲ್ಲ.

ಬಿಡಿಭಾಗದ ವ್ಯಾಪಾರವೊಂದೇ ಏಕೆ? ಸೇತುವೆಯ ಕಂತ್ರಾಟು, ಔಷಧದ ಅಂಗಡಿ, ಶಾಲೆಯ ಕಟ್ಟಡ, ಎಲ್ಲೆಲ್ಲೂ ಇಬ್ಬರು ಒಪ್ಪಂದ ಮಾಡಿಕೊಳ್ಳುತ್ತಾರೆ, ಮೂರನೆಯವರು ಕೂರುತ್ತಾರೆ. ಸೈಡ್‌ಕಾರಿಗೆ ತನ್ನದೆಂಬ ಎಂಜಿನ್ನಿಲ್ಲ, ಹ್ಯಾಂಡಲ್ಲಿಲ್ಲ. ಪಕ್ಕದವನು ಹೋದಲ್ಲಿಗೆ ಹೋಗುತ್ತದೆ. ಅಂಥವರ ಪರವಾಗಿ ‘ಯಾತಕ್ಕೆ, ಯಾರಿಗೆ’ ಎಂದು ಕೇಳುವ ಒಬ್ಬರಾದರೂ ಗಲ್ಲೆಯ ಈಚೆಗೋ ಆಚೆಗೋ ಇರಬೇಕು.