ಕಥೆ ಯಾರ ಅಮಾನತ್ತು?

ಕಾದಂಬರಿಯೊಂದು ಬಿಡುಗಡೆಯಾಗುವ ವೇದಿಕೆಯಲ್ಲಿ ಲೇಖಕರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: 'ಈ ಕೃತಿಗೆ ಪ್ರೇರಣೆ ಏನು?' ಉತ್ತರಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ. ಬಾಲ್ಯದಲ್ಲಿ ಅಜ್ಜಿ ಆಡಿದ ಒಂದು ಮಾತು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಅಪರಿಚಿತ ಹೆಂಗಸು, ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲಿನ ಸುದ್ದಿ. ಸಭಿಕರು ತಲೆದೂಗುತ್ತಾರೆ, ಚಹಾ ಬರುತ್ತದೆ. ಆ ಅಜ್ಜಿಗೆ, ಆ ಹೆಂಗಸಿಗೆ, ಆ ನಾಲ್ಕು ಸಾಲಿನೊಳಗೆ ಇದ್ದವರಿಗೆ ಪುಸ್ತಕ ಮುಟ್ಟಿತೇ, ಮುಟ್ಟಿದ್ದರೆ ಅವರು ಏನೆಂದರು ಎಂದು ಯಾರೂ ಕೇಳುವುದಿಲ್ಲ. ನಾವೂ ಕೇಳಿದವರಲ್ಲ. ಕೇಳಬೇಕಿತ್ತು ಎಂದು ತಿಳಿದದ್ದು ನಮ್ಮೂರು ಹೊನವಾಡದಲ್ಲಿ, ಅದೂ ಬಹಳ ತಡವಾಗಿ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮನೆಯಲ್ಲಿ ದಖನಿ ಆಡುತ್ತ ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಅಂದು ಈದ್‌ನ ಚಂದ್ರ ಕಂಡಷ್ಟು ಖುಷಿ. ದೀಪಾ ಭಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ನಲ್ಲಿರುವ ಹನ್ನೆರಡು ಕಥೆಗಳ ಬಗ್ಗೆ ಅವರಿಗೂ ಅದೇ ಪ್ರಶ್ನೆ ಬಂತು. ಸುದ್ದಿಯಲ್ಲಿ ದಿನವೂ ಕಾಣುವ ಘಟನೆಗಳು, ತಾವೇ ಉಂಡ ಅನುಭವಗಳು, ಹೆಂಗಸರ ಅಸಹಾಯಕತೆ ಕಂಡಾಗ ಒಳಗೆ ಏಳುವ ತಳಮಳ ಇವೇ ತಮ್ಮ ಕಥೆಗಳ ಮೂಲ, ದೊಡ್ಡ ಸಂಶೋಧನೆಯೇನೂ ಇಲ್ಲ ಎಂಬರ್ಥದ ಮಾತನ್ನು ಅವರು ಹೇಳಿದರು. ವಕೀಲರಾಗಿ, ಪತ್ರಕರ್ತೆಯಾಗಿ ಹೆಂಗಸರ ಕಷ್ಟವನ್ನು ಎದುರಾ ಎದುರು ಕೇಳಿದವರ ಮಾತು ಅದು. ಅದರಲ್ಲಿ ಸುಳ್ಳಿಲ್ಲ.

ಯು.ಆರ್. ಅನಂತಮೂರ್ತಿಯವರು 'ಸಂಸ್ಕಾರ' (1965) ಹುಟ್ಟಿದ ಬಗೆಯನ್ನು ಹಲವು ಕಡೆ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದ್ದು, ಅದರ ಪ್ಲೇಗು ತಮ್ಮ ಬಾಲ್ಯದ ಪ್ಲೇಗಿನ ನೆನಪನ್ನು ಕೆದಕಿದ್ದು, ಆ ಗುಂಗಿನಲ್ಲೇ ಕಾದಂಬರಿ ಬರೆದದ್ದು. ಸ್ವಾರಸ್ಯದ ಕಥೆ. ಆದರೆ ಗಮನಿಸಿ, ಇದರಲ್ಲಿ ಸ್ವೀಡನ್ನಿನ ನಿರ್ದೇಶಕನಿಗೆ ಹೆಸರಿದೆ, ಸಿನಿಮಾಕ್ಕೂ ಹೆಸರಿದೆ. ಮಲೆನಾಡಿನ ಪ್ಲೇಗಿನಲ್ಲಿ ಸತ್ತವರ ಹೆಸರು ನಮಗೆ ತಿಳಿಯದು.

ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖ್‌ಗೆ ಸಿಕ್ಕಿಬಿದ್ದ ನಾದಿರಾಳ ಕಥೆ ಓದಿ ಕರಾವಳಿಯ ಎಷ್ಟೋ ಹೆಂಗಸರು ಇದು ನಮ್ಮ ಪಕ್ಕದ ಮನೆಯದೇ ಅಂದುಕೊಂಡಿರಬೇಕು. ಮುಂದೆ 'ಬ್ಯಾರಿ' ಚಿತ್ರ 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಾಗ, ಇದು ತಮ್ಮ ಕಾದಂಬರಿಯಿಂದಲೇ ಎತ್ತಿದ್ದು ಎಂದು ಸಾರಾ ನ್ಯಾಯಾಲಯದ ಮೆಟ್ಟಿಲೇರಿದರು. ಅದು ಅವರ ಹಕ್ಕು. 1957ರ ಕೃತಿಸ್ವಾಮ್ಯ ಕಾಯಿದೆ ಬರೆದವರನ್ನು ಕಾಯುತ್ತದೆ. ಬದುಕಿದವರನ್ನು ಕಾಯುವುದಿಲ್ಲ. ಲೇಖಕರಿಂದ ಕದ್ದರೆ ಕೇಳಲು ಕೋರ್ಟು ಇದೆ. ಲೇಖಕರೇ ಯಾರದೋ ಮನೆಯಿಂದ ಎತ್ತಿಕೊಂಡು ಬಂದರೆ? ಇಲ್ಲಿ ನಾವು ಸಾರಾ ಅವರ ಕಡೆ ಬೆರಳು ತೋರಿಸುತ್ತಿಲ್ಲ. ಬೆರಳು ನಮ್ಮ ಕಡೆಗೇ ಇದೆ.

ನಾವು ಏಳನೆಯ ಇಯತ್ತೆವರೆಗೆ ಉರ್ದು ಶಾಲೆಯಲ್ಲಿ ಕಲಿತವರು. ಆಮೇಲೆ ಕನ್ನಡ ಹೈಸ್ಕೂಲಿಗೆಂದು ವಿಜಯಪುರಕ್ಕೆ, ಆಗಿನ್ನೂ ಅದು ಬಿಜಾಪುರ, ಸಂಬಂಧಿಕರ ಮನೆಗೆ ಹೋದೆವು. ತಿಂಗಳಿಗೊಮ್ಮೆ ತಿಕೋಟಾ ಹಾದು ಹೊನವಾಡಕ್ಕೆ ಬರುತ್ತಿದ್ದೆವು. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಒಬ್ಬ ಖಾಲಾ ಇದ್ದರು. ಗಂಡ ಪುಣೆಗೆ ದುಡಿಯಲು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಒಂದು ಸಲ ಊರಿಗೆ ಬಂದಾಗ ಖಾಲಾ ನಮ್ಮನ್ನು ಒಳಗೆ ಕರೆದು ನೂರಾ ಐದು ರೂಪಾಯಿ ಕೈಯಲ್ಲಿಟ್ಟರು. ಬಿಜಾಪುರದ ಪೋಸ್ಟಿನಿಂದ ಅವರ ಹೆಸರಿಗೇ ನೂರು ರೂಪಾಯಿ ಮನಿಯಾರ್ಡರ್ ಮಾಡಬೇಕು, ಕಳಿಸಿದವರ ಜಾಗದಲ್ಲಿ ಗಂಡನ ಹೆಸರು ಹಾಕಬೇಕು. ಉಳಿದ ಐದು ರೂಪಾಯಿ ಕಮಿಷನ್. ತನ್ನ ದುಡ್ಡು ತನಗೇ ಬರಲು ಅವರು ತೆರುತ್ತಿದ್ದ ಸುಂಕ ಅದು. ಮನಿಯಾರ್ಡರ್ ಬರುತ್ತಿರುವವರೆಗೆ ಮೈದುನಂದಿರು ಮನೆ ಬಿಡು ಅನ್ನುವಂತಿರಲಿಲ್ಲ. ಮಗಳಿಗೆ ವರ ನೋಡಲು ಬಂದವರು 'ಬಿಟ್ಟ ಹೆಂಗಸಿನ ಮಗಳು' ಅನ್ನುವಂತಿರಲಿಲ್ಲ.

ಫಾರ್ಮಿನ ಕೆಳಗೆ ನಾಲ್ಕು ಸಾಲು ಬರೆಯಲು ಜಾಗ ಇರುತ್ತಿತ್ತು. ಈಗಿನ ಮಕ್ಕಳಿಗೆ ಗೊತ್ತಿರಲಾರದು, 2015ರಲ್ಲಿ ಅಂಚೆ ಇಲಾಖೆ ಆ ಹಳೆಯ ಮನಿಯಾರ್ಡರನ್ನು ನಿಲ್ಲಿಸಿಬಿಟ್ಟಿತು. ಆ ಜಾಗದಲ್ಲಿ ನಾವು 'ನಾನು ಆರಾಮ ಇದ್ದೇನೆ, ಮಗಳನ್ನು ಶಾಲೆ ಬಿಡಿಸಬೇಡ' ಎಂದು ಬರೆದೆವು. ಹೊಸದಾಗಿ ಕಲಿತ ಕನ್ನಡದಲ್ಲಿ ನಾವು ಬರೆದ ಮೊದಲ ಕಥೆ ಅದೇ ಇರಬೇಕು. ಹೀಗೆ ಮೂರು ವರ್ಷ ನಡೆಯಿತು.

2006ರ ಸುಮಾರಿಗೆ ಅದನ್ನೇ ಸಣ್ಣಕಥೆ ಮಾಡಿದೆವು. ಹೆಸರು ಬದಲಿಸಿದ್ದೆವು, ಕೌದಿಯನ್ನು ಬೀಡಿ ಮಾಡಿದ್ದೆವು. ಕೊನೆಗೊಂದು ಪೆಟ್ಟು ಬೇಕಲ್ಲ, ಅದಕ್ಕೆ ಟಪಾಲಿನವನು ಮೊಹರು ನೋಡಿ ಗುಟ್ಟು ಹಿಡಿದು ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಬಯಲು ಮಾಡಿದನೆಂದು ಬರೆದೆವು. ಆ ದೃಶ್ಯವನ್ನು ಎಲ್ಲರೂ ಮೆಚ್ಚಿದರು. ಸಭೆಯೊಂದರಲ್ಲಿ ಪ್ರೇರಣೆ ಏನೆಂದು ಕೇಳಿದಾಗ 'ನಮ್ಮ ಸಮಾಜದ ಹೆಣ್ಣುಮಕ್ಕಳ ನೋವು' ಎಂದು ಗಂಭೀರವಾಗಿ ಹೇಳಿದೆವು. ಚಪ್ಪಾಳೆಯೂ ಬಿತ್ತು. ಇತ್ತ ಊರಿನಲ್ಲಿ ಯಾರೋ ಕಥೆ ಓದಿ ಹೇಳಿದರು. ಬೀಡಿಯ ಹಿಂದೆ ಇದ್ದ ಕೌದಿ ಎಲ್ಲರಿಗೂ ಕಂಡಿತು. ಮಗಳ ಅತ್ತೆಮನೆಯಲ್ಲಿ ಒಂದು ಮಾತು ಬಂತು. ಅದು ಏನೆಂದು ಖಾಲಾ ನಮಗೆ ಕೊನೆಯವರೆಗೂ ಹೇಳಲಿಲ್ಲ.

ಪರನಿಂದೆ, ಅಂದರೆ ಗೀಬತ್, ಏನೆಂಬುದನ್ನು ಪ್ರವಾದಿಯವರು(ಸ) ವಿವರಿಸಿದ ಪ್ರಸಿದ್ಧ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ನಿಮ್ಮ ಸಹೋದರನ ಬಗ್ಗೆ ಅವನಿಗೆ ಹಿಡಿಸದ್ದನ್ನು ಹೇಳುವುದೇ ಗೀಬತ್. ಹೇಳಿದ್ದು ನಿಜವಾಗಿದ್ದರೆ? ನಿಜವಾಗಿದ್ದರೇ ಅದು ಗೀಬತ್, ಸುಳ್ಳಾಗಿದ್ದರೆ ಬುಹ್ತಾನ್, ಮಿಥ್ಯಾರೋಪ. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕೇಳಿದಾಗ ಇದು ಓಣಿಯ ಹರಟೆಯ ಬಗೆಗಿನ ಎಚ್ಚರಿಕೆ ಎಂದುಕೊಂಡಿದ್ದೆವು. ಕಥೆ ಬರೆಯುವವರಿಗೆ ಇದು ಎರಡೂ ಕಡೆಯಿಂದ ಹಿಡಿಯುವ ಇಕ್ಕಳ. ಕಂಡದ್ದನ್ನು ಹಾಗೇ ಬರೆದರೆ ಮೊದಲನೆಯದು, ಕಲ್ಪಿಸಿ ಸೇರಿಸಿದರೆ ಎರಡನೆಯದು. 'ಇದು ಕೇವಲ ಕಾಲ್ಪನಿಕ' ಎಂಬ ಮೊದಲ ಪುಟದ ಸಾಲು ಓದುಗರನ್ನು ಮೋಸಗೊಳಿಸೀತು, ಓಣಿಯನ್ನಲ್ಲ.

ಹಾಗಾದರೆ ಬರೆಯುವುದೇ ಬೇಡವೇ? ಈ ವಾದವನ್ನು ಬಹಳ ಖುಷಿಯಿಂದ ಹಿಡಿದುಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಮನೆಯ ಮಾನ, ಸಮುದಾಯದ ಮಾನ ಎಂದು ಹೇಳಿ ಹೆಣ್ಣುಮಕ್ಕಳ ಬಾಯಿಗೆ ಬೀಗ ಹಾಕಿದವರೇ ಅವರು. ಹೆಂಗಸರಿಗೆ ಮಸೀದಿ ಪ್ರವೇಶವಿರಲಿ ಎಂದದ್ದಕ್ಕೆ 2000ದಲ್ಲಿ ಬಾನು ಮುಷ್ತಾಕ್ ಸಾಮಾಜಿಕ ಬಹಿಷ್ಕಾರ ಉಂಡರು. ಹದೀಸನ್ನು ಅಂಥವರ ಕೈಗೆ ಕೋಲಾಗಿ ಕೊಡಲು ನಾವು ಸಿದ್ಧರಿಲ್ಲ. ಕೆಟ್ಟದ್ದನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ ಎನ್ನುವ ಸೂರಾ ಅನ್ನಿಸಾದ ವಚನವೇ ಅನ್ಯಾಯಕ್ಕೊಳಗಾದವರಿಗೆ ವಿನಾಯಿತಿ ಕೊಟ್ಟಿದೆ. ಇಮಾಮ್ ನವವಿಯವರು ಗೀಬತ್ ಆಗದ ಸಂದರ್ಭಗಳನ್ನು ಎಣಿಸುವಾಗ ನೊಂದವರ ದೂರನ್ನೂ ಸೇರಿಸಿದ್ದಾರೆ. ಬಲಾಢ್ಯರು ಮುಚ್ಚಿಟ್ಟದ್ದನ್ನು ತೆರೆಯುವುದು ಬೇರೆ, ದುರ್ಬಲರು ಬಚ್ಚಿಟ್ಟದ್ದನ್ನು ತೆರೆಯುವುದು ಬೇರೆ. ಆದರೆ ಬರೆಯುವಾಗ ಇವೆರಡೂ ಒಂದೇ ಥರ ಕಾಣುತ್ತವೆ. ನಾವು ಖಾಲಾನ ಪರವಾಗಿ ದೂರು ಕೊಡುತ್ತಿದ್ದೇವೆ ಎಂದೇ ನಂಬಿದ್ದೆವು. ಖಾಲಾ ನಮಗೆ ವಕಾಲತ್ತು ಕೊಟ್ಟಿರಲಿಲ್ಲ.

ಪವಿತ್ರ ಕುರ್‌ಆನ್ 'ಅತ್ಯುತ್ತಮ ಕಥೆ' ಎಂದು ಕರೆಯುವ ಯೂಸುಫರ ವೃತ್ತಾಂತದಲ್ಲಿ ಅಝೀಝನ ಹೆಂಡತಿಗೆ ಹೆಸರಿಲ್ಲ. ಆಕೆ ಮಾಡಿದ್ದು ಇದೆ, ನಗರದ ಹೆಂಗಸರು ಆಡಿಕೊಂಡದ್ದೂ ಇದೆ, ಹೆಸರು ಮಾತ್ರ ಇಲ್ಲ. ಝುಲೈಖಾ ಎಂಬುದು ಕುರ್‌ಆನಿನಲ್ಲಿಲ್ಲದ ಹೆಸರು, ಅದನ್ನು ಜಗತ್ತಿನ ಬಾಯಿಗೆ ತಂದವರು ಆಮೇಲಿನವರು. ನಮ್ಮ ಬಿಜಾಪುರದ ದಖನಿ ಕವಿ ಹಾಶ್ಮಿಯೂ 'ಯೂಸುಫ್ ಝುಲೈಖಾ' ಮಸ್ನವಿ ಬರೆದವನೇ. ಆತ ಕುರುಡನಾಗಿದ್ದ, ಹೆಂಗಸರ ನುಡಿಗಟ್ಟಿನಲ್ಲೇ ರೇಖ್ತಿ ಕಟ್ಟುವುದರಲ್ಲಿ ನಿಪುಣನಾಗಿದ್ದ ಎಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಕಣ್ಣಿಲ್ಲದವನು ಒಳಮನೆಯ ಮಾತನ್ನು ಎಷ್ಟು ಕಿವಿಗೊಟ್ಟು ಕೇಳಿರಬೇಕು! ಆ ಮಾತುಗಳನ್ನು ಆಡಿದವರು ಯಾರು?

ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಬೀಸುವ, ಕುಟ್ಟುವ ಹೆಂಗಸರ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. ಅವರು ಬರೆದುಕೊಳ್ಳದಿದ್ದರೆ ಆ ಹಾಡುಗಳು ಬೀಸುವ ಕಲ್ಲಿನ ಜೊತೆಗೇ ಮೂಲೆ ಸೇರುತ್ತಿದ್ದವು, ಅವರ ಋಣ ದೊಡ್ಡದು. ಆದರೂ ಪುಸ್ತಕದ ಜೊತೆಗೆ ನಾವು ನೆನೆಯುವುದು ಸಂಗ್ರಹಿಸಿದವರ ಹೆಸರನ್ನೇ. ಹದೀಸ್ ಸಂಗ್ರಾಹಕರು ಹಾಗಲ್ಲ. ಇವರು ಅವರಿಂದ ಕೇಳಿದರು, ಅವರು ಮತ್ತೊಬ್ಬರಿಂದ ಎಂದು ಇಡೀ ಸನದ್ ಹೇಳಿದ ಮೇಲೆಯೇ ಮಾತಿಗೆ ಬರುತ್ತಾರೆ. ಸರಪಳಿಯ ಒಂದು ಕೊಂಡಿ ಕಳಚಿದ್ದರೂ ಮಾತು ದುರ್ಬಲ. ಕಥೆಗಾರರ ಕಸುಬೋ ಕೊಂಡಿ ಕಳಚುವುದೇ. ಹೆಸರು ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹಕ್ಕು ಹೋಗುತ್ತದೆ. ಇದಕ್ಕೆ ಪರಿಹಾರ ನಮಗೆ ಇಂದಿಗೂ ಹೊಳೆದಿಲ್ಲ.

ಕಥೆ ಊರಿಗೆ ಮುಟ್ಟಿದ ಮೇಲೆ ವರ್ಷದ ತನಕ ನಾವು ಆ ಓಣಿಗೆ ಕಾಲಿಡಲಿಲ್ಲ. ರಮ್ಝಾನ್ ಈದ್‌ಗೆ ಹೋಗಲೇಬೇಕಾಯಿತು. ಖಾಲಾ ಎಂದಿನಂತೆ ಶೀರ್‌ಖುರ್ಮಾದ ಬಟ್ಟಲು ಕೊಟ್ಟರು. ನಾವು ಕುಡಿದು ಮುಗಿಸುವವರೆಗೆ ಸುಮ್ಮನಿದ್ದರು.

"ಛೋಟಾ ಹೈ, ಭೂಲ್ ಜಾಯಿಂಗಾ ಬೋಲ್ಕೆ ಲಿಖಾಯಿ ತೇರೆ ಸೆ" ಅಂದರು. ನೀ ಸಣ್ಣಾವ, ಮರೀತಿ ಅಂತ ನಿನ್ನ ಕೈಲೆ ಬರಸಿದ್ದೆ.

ನಾವು ಗಂಡನ ಅನ್ಯಾಯದ ಬಗ್ಗೆ, ಲೋಕಕ್ಕೆ ತಿಳಿಯಬೇಕಾದದ್ದರ ಬಗ್ಗೆ ಏನೋ ಹೇಳಲು ಹೋದೆವು. ಅವರು ತಡೆದರು. ಅವರು ದಖನಿಯಲ್ಲಿ ಅಂದದ್ದನ್ನು ನಮ್ಮೂರ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಬಿಟ್ಟು ಹೋಗಿದ್ದು ಅವ ಮಾಡಿದ್ದು ಬೇಟಾ, ಅದನ್ನ ಬರಿ, ಬ್ಯಾಡನ್ನಂಗಿಲ್ಲ. ಮನಿಯಾರ್ಡರ್ ನಾ ಮಾಡಿದ್ದು. ಅದನ್ನ ಕೇಳದ ಯಾಕ ತೊಗೊಂಡಿ?"

ನಾವು ಅದನ್ನು ಅವರ ನೋವು ಎಂದು ತಿಳಿದಿದ್ದೆವು. ಅದು ಅವರ ರಚನೆಯಾಗಿತ್ತು. ಪಾತ್ರ ಅವರದು, ಸಂಭಾಷಣೆಯ ಸೂಚನೆ ಅವರದು, ತಿಂಗಳಿಗೊಂದು ಕಂತಿನ ಲೆಕ್ಕಾಚಾರವೂ ಅವರದೇ. ನಾವು ಲಿಪಿಕಾರರು ಮಾತ್ರ. ಲಿಪಿಕಾರನೇ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ್ದ.

ಮಾಫಿ ಕೇಳಿದೆವು. ಅವರು ಮಾಫಿಯ ಮಾತಿಗೆ ಹೋಗಲಿಲ್ಲ, ಟಪಾಲಿನ ಕಾಕಾನ ವಿಷಯ ಎತ್ತಿದರು. ಮೂರು ವರ್ಷ ಪ್ರತಿ ತಿಂಗಳೂ ಪುಣೆಯದೆಂದು ಬಂದ ಮನಿಯಾರ್ಡರಿನ ಮೇಲೆ ಬಿಜಾಪುರದ ಮೊಹರು ಇರುತ್ತಿತ್ತು. ಅಕ್ಷರವೋ ನಮ್ಮದು, ಅದೇ ಓಣಿಯ ಹುಡುಗನದು. ಅವರಿಗೆ ಗೊತ್ತಾಗದೆ ಇದ್ದೀತೇ? ಕಾಕಾ ಪ್ರತಿ ಸಲ ಮೈದುನಂದಿರ ಬಾಗಿಲ ಮುಂದೆಯೇ ನಿಂತು, ಗಂಡನ ಹೆಸರು ಹಿಡಿದು ಜೋರಾಗಿ ಕೂಗಿ, ಕೆಳಗಿನ ನಾಲ್ಕೂ ಸಾಲು ಓದಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದರು. ಒಂದು ಸಲವೂ ಖಾಲಾನ ಮುಖ ನೋಡಿ ನಗಲಿಲ್ಲ. ನಮ್ಮ ಕಥೆಯಲ್ಲಿ ಗುಟ್ಟು ಬಯಲು ಮಾಡಿದವನು ಅವರೇ.

"ನಂದು ಹೋಗ್ಲಿ. ಅವರದು ತಿದ್ದು" ಅಂದರು ಖಾಲಾ. ಇದನ್ನು ಬರೆಯಬಹುದೇ ಎಂದು ಅಂದು ಕೇಳಿದೆವು, ಮೊದಲ ಬಾರಿಗೆ. ಕಾಕಾನದು ಬರೆಯಬೇಕಾದರೆ ನನ್ನದೂ ಬರೆಯಬೇಕಾಗುತ್ತದಲ್ಲ, ಬರಿ ಅಂದರು. ತಾನು ಇರುವ ತನಕ ಬೇಡ ಎಂದೂ ಸೇರಿಸಿದರು. ಈಗ ಖಾಲಾ ಇಲ್ಲ.

ಸಂಕಲನದ ಎರಡನೆಯ ಮುದ್ರಣದಲ್ಲಿ ಕಟ್ಟೆಯ ದೃಶ್ಯ ತೆಗೆದೆವು. ಟಪಾಲಿನವರು ಬಂದು ಓದಿ ಹೋಗುತ್ತಾರೆ, ಅಷ್ಟೇ. ಕೊನೆ ಸಪ್ಪೆಯಾಯಿತು, ಮೊದಲಿನದೇ ಚೆನ್ನಾಗಿತ್ತು ಎಂದು ಗೆಳೆಯರು ಹೇಳಿದರು. ಇದ್ದೀತು.