ಹುಳುವಿನ ಪಾಲು

ಹೊಲದಲ್ಲಿ ಹುಳು ಇರಲೇಬಾರದೇ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಹುಳು ಕಂಡಿತೋ, ಪಂಪು ಬೆನ್ನಿಗೇರಿತು ಎನ್ನುವಷ್ಟು ಅವಸರ ರೂಢಿಯಾಗಿಬಿಟ್ಟಿದೆ.

ಕಲಬುರಗಿ ಸೀಮೆಯ ತೊಗರಿಯನ್ನೇ ನೋಡೋಣ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಕಾಯಿಕೊರಕ ಬರುತ್ತದೆ. ಗಿಡಕ್ಕೆ 2 ಮೊಟ್ಟೆ ಇಲ್ಲವೇ 1 ಕೀಡೆ ಕಂಡರೆ ಮಾತ್ರ ಸಿಂಪಡಣೆಯ ಯೋಚನೆ ಮಾಡಿ, ಅದಕ್ಕಿಂತ ಕಡಿಮೆಯಿದ್ದರೆ ಕೈ ತಡೆಯಿರಿ ಎಂಬುದು ಕೃಷಿ ವಿಜ್ಞಾನಿಗಳ ಸಲಹೆ. ಮೇಲ್ನೋಟಕ್ಕೆ ಇದು ರೊಕ್ಕದ ಲೆಕ್ಕ. ಆಗುವ ನಷ್ಟಕ್ಕಿಂತ ಹೊಡೆಯುವ ಖರ್ಚು ಹೆಚ್ಚಾಗಬಾರದು, ಅಷ್ಟೇ. ಆದರೆ ಆ ಲೆಕ್ಕವನ್ನು ಪಾಲಿಸುವವನು ತನಗರಿವಿಲ್ಲದೆಯೇ ಒಂದು ಮಾತು ಒಪ್ಪಿಕೊಂಡಿರುತ್ತಾನೆ. ತಾನು ಬಿತ್ತಿದ್ದೆಲ್ಲ ತನ್ನೊಬ್ಬನಿಗೇ ಸೇರಬೇಕಾಗಿಲ್ಲ ಎಂಬ ಮಾತು ಅದು.

ಹುಳುವಿಗೆ ಹೀಗೆ ಪಾಲು ಬಿಡುವುದು ಬರೀ ದಯೆಯಿಂದಲ್ಲ. ಗುಲಗಂಜಿ ಹುಳು, ಜೇಡ, ಕಣ್ಣಿಗೆ ಬೀಳದಷ್ಟು ಸಣ್ಣ ಕಣಜಗಳು ಬದುಕುವುದೇ ಬೆಳೆ ತಿನ್ನುವ ಹುಳುಗಳ ಮೇಲೆ. ತಿನ್ನಲು ಏನೂ ಸಿಗದ ಹೊಲದಲ್ಲಿ ಅವು ನಿಲ್ಲುವುದಿಲ್ಲ. ವಿಷ ಬಿದ್ದಾಗ ಎರಡೂ ಬಗೆಯವು ಸಾಯುತ್ತವೆ. ಆದರೆ ಬೆಳೆ ತಿನ್ನುವ ಹುಳುವಿಗೆ ಹೊಲದ ತುಂಬ ಊಟ ಉಳಿದಿರುವುದರಿಂದ ಅದು ಬೇಗ ಮರಳುತ್ತದೆ. ಅದನ್ನು ತಿನ್ನುವವರು ಬರಬೇಕಾದರೆ ಮೊದಲು ಅದು ಹೆಚ್ಚಬೇಕು. ನಡುವಿನ ದಿನಗಳಲ್ಲಿ ಹೊಲ ಕಾಯುವವರು ಯಾರೂ ಇರುವುದಿಲ್ಲ. ಮತ್ತೆ ಸಿಂಪಡಣೆ. ಪ್ರತಿ ಸಲವೂ ಬದುಕುಳಿಯುವುದು ವಿಷವನ್ನು ತಾಳಿಕೊಂಡವು. ಮುಂದಿನ ಪೀಳಿಗೆ ಅವುಗಳದೇ.

ಹೊಲ ಕಾಯುವ ಈ ಜೀವಿಗಳ ಬಲ ಒಮ್ಮೆ ಕಬ್ಬಿನಲ್ಲಿ ಕಂಡಿತು. 2002ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಿಳಿ ಉಣ್ಣೆ ಹೇನು ಉತ್ತರ ಕರ್ನಾಟಕದ ಕಬ್ಬನ್ನು ಮುತ್ತಿತು. ಆಳೆತ್ತರ ಮೀರಿ ಒತ್ತಾಗಿ ಬೆಳೆದ ಕಬ್ಬಿನೊಳಗೆ ನುಗ್ಗಿ ಸಿಂಪಡಿಸುವುದೇ ಕಷ್ಟ. ಆ ಹೇನನ್ನು ಹತೋಟಿಗೆ ತರುವಲ್ಲಿ ದೊಡ್ಡ ಕೆಲಸ ಮಾಡಿದ್ದು ಡೈಫಾ, ಮೈಕ್ರೋಮಸ್ ಎಂಬ ಹೇನುಭಕ್ಷಕ ಕೀಟಗಳು ಮತ್ತು ಎನ್ಕಾರ್ಸಿಯಾ ಎಂಬ ಪುಟ್ಟ ಕಣಜ. ವಿಜ್ಞಾನಿಗಳು ಅವನ್ನು ಹುಡುಕಿ, ಸಾಕಿ, ಹೊಲಗಳಿಗೆ ಬಿಟ್ಟರು. ರೈತರು ಮಾಡಬೇಕಾಗಿದ್ದು ವಿಷ ಹೊಡೆಯದೆ ಕಾಯುವುದು. ಕಾಯುವುದೂ ಒಂದು ಬೇಸಾಯವೇ, ಬಹುಶಃ ಎಲ್ಲಕ್ಕಿಂತ ಕಠಿಣವಾದದ್ದು.

ಪಾಲು ಬಿಡುವ ಮಾತು ಹಬ್ಬದಲ್ಲೂ ಇದೆ. ಎಳ್ಳಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅದರಲ್ಲೊಂದು ಪಾಲನ್ನು ಚರಗವೆಂದು ಹೊಲಕ್ಕೆ ಚೆಲ್ಲುತ್ತಾರೆ. ಚರಗಕ್ಕೆ ಬಂದ ಹಕ್ಕಿಗಳು ಹುಳುಗಳನ್ನೂ ಹೆಕ್ಕುತ್ತವೆ ಎಂದು ಇದನ್ನು ವಿವರಿಸುವವರಿದ್ದಾರೆ. ಇರಬಹುದು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹೊತ್ತು. ಆಗಿನ್ನೂ ಜೋಳ, ಕಡಲೆ ಹೊಲದಲ್ಲೇ ಇರುತ್ತವೆ; ಎಷ್ಟು ಚೀಲವಾದೀತು ಎಂದು ಯಾರಿಗೂ ಗೊತ್ತಿಲ್ಲ. ಕೈಗೆ ಬರುವ ಮೊದಲೇ ಕೊಡುವುದು ಚರಗ. ಮಿಕ್ಕಿದ್ದನ್ನು ಹಂಚುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಗಿಡದ ಮೇಲಿನ ಹುಳುವನ್ನು ಎಣಿಸಿ ಸುಮ್ಮನಾಗುವ ರೈತನಿಗೂ ಇಂಥದೇ ಧೈರ್ಯ ಬೇಕು.

ಸಾಲದಲ್ಲಿರುವವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? 1997-98ರಲ್ಲಿ ಬೀದರ್ ಭಾಗದಲ್ಲಿ ತೊಗರಿ ಕೈಕೊಟ್ಟಾಗ ರೈತರು ಜೀವ ಕಳೆದುಕೊಂಡರು. ಅಂಥ ನೆಲದಲ್ಲಿ ನಿಂತು ಜೀವವೈವಿಧ್ಯದ ಉಪದೇಶ ಮಾಡುವುದು ಕ್ರೌರ್ಯ. ಹುಳುವಿಗೆ ಬಿಟ್ಟ ಪಾಲು ರೈತನೊಬ್ಬನ ತಟ್ಟೆಯಿಂದಲೇ ಹೋಗಬೇಕೆಂದರೆ ಅದು ನ್ಯಾಯವಲ್ಲ. ಜೇಡ ಉಳಿದರೆ, ನೀರು ನಂಜಾಗದಿದ್ದರೆ, ಜೇನು ಬದುಕಿದರೆ ಲಾಭ ಎಲ್ಲರಿಗೂ. ಅದರ ಖರ್ಚನ್ನೂ ಎಲ್ಲರೂ ಹೊರಬೇಕು: ಸರ್ಕಾರ ಬೆಳೆವಿಮೆ, ಬೆಂಬಲ ಬೆಲೆಯ ಮೂಲಕ, ಕೃಷಿ ಇಲಾಖೆ ರೈತನ ಜೊತೆ ಸಾಲಿನಲ್ಲಿ ನಡೆದು ಹುಳು ಎಣಿಸುವ ಮೂಲಕ.

ಉಣ್ಣುವ ನಮಗೂ ಒಂದು ಕೆಲಸವಿದೆ. ಸಂತೆಯಲ್ಲಿ ಸೊಪ್ಪು ಆರಿಸುವಾಗ ಎಲೆಯಲ್ಲಿ ನಾಲ್ಕು ತೂತು ಕಂಡರೆ ಕಟ್ಟನ್ನು ಪಕ್ಕಕ್ಕೆ ಸರಿಸಬೇಡಿ, ಬೆಲೆ ಇಳಿಸಬೇಡಿ. ಒಂದೂ ಕಲೆಯಿಲ್ಲದ ಎಲೆಯನ್ನೇ ನಾವು ಬೇಡುವವರೆಗೆ ರೈತನ ಬೆನ್ನಿನ ಪಂಪು ಕೆಳಗಿಳಿಯುವುದಿಲ್ಲ.